‘ಹೊತ್ತಾಯ್ತು’ ಅಂದರೆ ಸಮಯ ಆಯ್ತು ಅಂತಲಾ, ತಡ ಆಯ್ತು ಅಂತಲಾ?

ತಿದ್ದುಗಾರ್ತಿ
ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದು ಪದ ತಲೆ ತಿನ್ನುತ್ತಿದೆ. ನಿಮ್ಮ ಸಹಾಯ ಬೇಕು.

ನಾನು ಮಕ್ಕಳ ಚಿತ್ರಕಥೆಗಳನ್ನು ತಿದ್ದುವ ಕೆಲಸ ಮಾಡುತ್ತೇನೆ. ಈಗ ಕೈಯಲ್ಲಿರುವ ಕಥೆಯಲ್ಲಿ ಒಂದೇ ಸಾಲಿನ ಪುಟ ಇದೆ: ‘ಅಜ್ಜಿ ಬಾಗಿಲಲ್ಲಿ ನಿಂತು, ಹೊತ್ತಾಯ್ತು ಕಣೋ ಅಂದಳು.’ ಅಷ್ಟೇ. ಚಿತ್ರ ಬರೆಯುವವರು ಇದನ್ನು ಓದಿ ಮುಸ್ಸಂಜೆ ಬರೆದಿದ್ದಾರೆ. ಆಕಾಶ ಕೆಂಪಗಿದೆ. ಅಜ್ಜಿ ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದಾಳೆ. ಹುಡುಗ ಚಪ್ಪಲಿ ಕೈಯಲ್ಲಿ ಹಿಡಿದು ತಲೆ ತಗ್ಗಿಸಿದ್ದಾನೆ. ಚಿತ್ರ ತುಂಬಾ ಚೆನ್ನಾಗಿದೆ.

ಆದರೆ ಕಥೆ ಬರೆದವರು ನೋಡಿ ಗಾಬರಿಯಾದರು. ಅವರ ಮನಸ್ಸಿನಲ್ಲಿ ಇದ್ದದ್ದು ಬೆಳಗಿನ ಜಾವ. ಹುಡುಗ ಮೊದಲ ಸಲ ಊರು ಬಿಟ್ಟು ಓದೋಕೆ ಹೊರಟಿದ್ದಾನೆ. ಹೊರಡೋ ಸಮಯ ಬಂತು ಅಂತ ಅಜ್ಜಿ ಮೆಲ್ಲಗೆ ಹೇಳುತ್ತಾಳೆ. ಕೋಪ ಇಲ್ಲ, ಸಂಕಟ ಅದು. ಹಿಂದಿನ ಪುಟದಲ್ಲಿ ಹುಡುಗ ಗೆಳೆಯರ ಜೊತೆ ಆಡುತ್ತಿದ್ದಾನೆ, ಮುಂದಿನ ಪುಟದಲ್ಲಿ ಬಸ್ಸಿನಲ್ಲಿ ಕೂತಿದ್ದಾನೆ. ಹಾಗಾಗಿ ಎರಡು ಅರ್ಥವೂ ಹೊಂದುತ್ತದೆ. ಇಬ್ಬರೂ ‘ನಂದೇ ಸರಿ’ ಅಂತಾರೆ. ನೀವು ಆ ಸಾಲು ಓದಿದ ಕೂಡಲೇ ಏನು ಅಂದುಕೊಂಡಿರಿ?

ಬೆಳ್ಳಿಚುಕ್ಕಿ
ತಡ ಅಂತಲೇ. ನಮ್ಮಮ್ಮ ‘ಹೊತ್ತಾಯ್ತು’ ಅಂದರೆ ಹಿಂದೆಯೇ ಬೈಗುಳ ಬರುತ್ತಿತ್ತು. ಚಿತ್ರ ಸರಿಯಾಗೇ ಇದೆ.

ಕಟ್ಟೆಮಾತು
ಇಲ್ಲ ರೀ. ‘ಊಟದ ಹೊತ್ತಾಯ್ತು, ಏಳಿ’ ಅಂತೀವಲ್ಲ, ಅಲ್ಲಿ ಯಾರಿಗೆ ತಡ ಆಗಿದೆ? ಹೊತ್ತು ಅಂದರೆ ಸಮಯ. ಹೊತ್ತಾಯ್ತು ಅಂದರೆ ಸಮಯ ಆಯ್ತು. ಇದರಲ್ಲಿ ಗೊಂದಲ ಏನಿದೆ?

ಬೆಳ್ಳಿಚುಕ್ಕಿ
ಹಾಗಾದರೆ ‘ಅವನು ಹೊತ್ತಾಗಿ ಬಂದ’ ಅಂದರೆ ಸಮಯಕ್ಕೆ ಸರಿಯಾಗಿ ಬಂದ ಅಂತಲಾ?

ವಿಭಕ್ತಿ ಮೇಷ್ಟ್ರು
ಇಬ್ಬರೂ ಸ್ವಲ್ಪ ತಡೀರಿ. ಇದು ಮಜವಾದ ಪದ. ಒಂಟಿಯಾಗಿ ನಿಂತಾಗ ಮಾತ್ರ ಇದಕ್ಕೆ ಎರಡು ಅರ್ಥ. ಜೊತೆಗೆ ಬೇರೆ ಪದ ಬಂದರೆ ಹೆಚ್ಚಿನ ಸಲ ಅರ್ಥ ತಾನೇ ತೀರ್ಮಾನ ಆಗುತ್ತದೆ.

‘ಊಟದ ಹೊತ್ತಾಯ್ತು’ ಅಂದರೆ ಸಮಯ ಆಯ್ತು. ‘ಊಟಕ್ಕೆ ಹೊತ್ತಾಯ್ತು’ ಅಂದರೆ ತಡ ಆಯ್ತು. ‘ಊಟ ಮಾಡಿ ಹೊತ್ತಾಯ್ತು’ ಅಂದರೆ ಊಟ ಮುಗಿದು ಬಹಳ ಸಮಯ ಕಳೆದಿದೆ, ಅಂದರೆ ಇಲ್ಲಿ ಮೂರನೇ ಅರ್ಥ ಬಂತು! ಒಂದೇ ‘ಹೊತ್ತಾಯ್ತು’, ಅದಕ್ಕಿಂತ ಮೊದಲು ಬರುವ ಪದದ ಬಾಲ ಬದಲಾದರೆ ಸಾಕು.

ಇನ್ನೊಂದು ವಿಷಯ. ಕ್ರಿಯಾಪದದ ರೂಪವೂ ಮುಖ್ಯ. ‘ಹೊತ್ತಾಯ್ತು’ ಎರಡೂ ಕಡೆ ವಾಲುತ್ತದೆ. ‘ಹೊತ್ತಾಗಿ’ ಅಂದ ಕೂಡಲೇ ತಡ ಒಂದೇ. ‘ಬರೋದು ಹೊತ್ತಾಗುತ್ತೆ’ ಅಂದರೂ ತಡ ಒಂದೇ. ಹಾಗಾಗಿ ಬೆಳ್ಳಿಚುಕ್ಕಿಯವರ ಉದಾಹರಣೆ ಸರಿ, ಕಟ್ಟೆಮಾತಿನವರದ್ದೂ ಸರಿ. ಅಜ್ಜಿಯ ಮಾತಿನಲ್ಲಿ ‘ಹೊತ್ತಾಯ್ತು’ಗೆ ಮೊದಲು ಏನೂ ಇಲ್ಲ. ತೊಂದರೆ ಅಲ್ಲೇ ಇರೋದು.

ಕಟ್ಟೆಮಾತು
ಮೇಷ್ಟ್ರೇ, ‘ಊಟಕ್ಕೆ ಹೊತ್ತಾಯ್ತು’ ಬಗ್ಗೆ ಒಪ್ಪಲ್ಲ. ನಮ್ಮ ಮನೆಯಲ್ಲಿ ದಿನಾ ಹೇಳುತ್ತೇವೆ, ‘ಊಟಕ್ಕೆ ಹೊತ್ತಾಯ್ತು, ಕೈ ತೊಳ್ಕೊಳ್ಳಿ’ ಅಂತ. ಯಾರೂ ತಡ ಅಂದುಕೊಳ್ಳಲ್ಲ.

ವಿಭಕ್ತಿ ಮೇಷ್ಟ್ರು
ಹೌದು, ಅದೂ ಕೇಳಿದ್ದೇನೆ. ಆ ಒಂದನ್ನು ನಾನು ಜಾಸ್ತಿ ಗಟ್ಟಿಯಾಗಿ ಹೇಳಿಬಿಟ್ಟೆ. ‘ಊಟದ’ ಅಂದರೆ ಸಮಯ ಅನ್ನೋದು ಖಚಿತ. ‘ಊಟಕ್ಕೆ’ ಅಂದರೆ ಎರಡೂ ಆಗಬಹುದು, ಹೇಳುವ ಧಾಟಿ ನೋಡಬೇಕು.

ಗಡಿಯಾರದ ಮುಳ್ಳು
ಇಷ್ಟೆಲ್ಲಾ ಯಾಕೆ? ‘ಟೈಮಾಯ್ತು’ ಅಂತ ಬರೆದರೆ ಮುಗೀತು. ಎಲ್ಲರಿಗೂ ಅರ್ಥ ಆಗುತ್ತೆ.

ಬೆಳ್ಳಿಚುಕ್ಕಿ
ಆಗಲ್ಲ! ‘ಅಯ್ಯೋ ಟೈಮಾಯ್ತು’ ಅಂತ ಓಡೋರು ತಡ ಆಯ್ತು ಅಂತಲೇ ಓಡೋದು. ‘ಪರೀಕ್ಷೆ ಟೈಮಾಯ್ತು, ಪೇಪರ್ ಕೊಡಿ’ ಅಂದರೆ ಅಲ್ಲಿ ತಡದ ಮಾತೇ ಇಲ್ಲ. ಪದ ಮಾತ್ರ ಇಂಗ್ಲಿಷಿನದು, ಕೂರಿಸಿರೋದು ‘ಹೊತ್ತಾಯ್ತು’ ಅನ್ನೋ ಅಚ್ಚಿನಲ್ಲೇ. ಗೊಂದಲವೂ ಹಾಗೇ ಬಂದಿದೆ.

ವಿಭಕ್ತಿ ಮೇಷ್ಟ್ರು
ಇದು ನನಗೆ ಹೊಳೆದಿರಲಿಲ್ಲ. ತುಂಬಾ ಸರಿಯಾದ ಮಾತು.

ಹಳೆಯ ಹೊತ್ತಗೆ
ಈ ಪದದ ಹಿಂದಿನ ಕಥೆ ಸ್ವಲ್ಪ ಹೇಳುತ್ತೇನೆ. ಹೊತ್ತು ಅಂದರೆ ಮೊದಲು ಗಡಿಯಾರದ ಸಮಯ ಅಲ್ಲ, ಸೂರ್ಯ. ‘ಹೊತ್ತು ಮೂಡಿತು’, ‘ಹೊತ್ತು ಮುಳುಗಿತು’ ಅಂತ ಈಗಲೂ ಅನ್ನುತ್ತೇವಲ್ಲ, ಅಲ್ಲಿ ಮೂಡೋದು ಮುಳುಗೋದು ಸೂರ್ಯನೇ. 1894ರಲ್ಲಿ ಬಂದ ಕಿಟೆಲ್ ನಿಘಂಟಿನಲ್ಲೂ ಸೂರ್ಯ, ಸಮಯ ಎರಡೂ ಅರ್ಥ ಇವೆ.

ಹಳಗನ್ನಡದಲ್ಲಿ ಇದು ಪೊೞ್ತು. ಆ ೞ, ಅಂದರೆ ಈಗ ಬಳಕೆಯಲ್ಲಿಲ್ಲದ ಹಳೆಯ ಅಕ್ಷರ, ಮುಂದಿನ ಅಕ್ಷರದೊಳಗೆ ಕರಗಿ ಪೊತ್ತು ಆಯ್ತು. ಆಮೇಲೆ ಪಾಲು ಹಾಲಾದ ಹಾಗೆ, ಪೂ ಹೂವಾದ ಹಾಗೆ, ಪೊತ್ತು ಹೊತ್ತಾಯ್ತು. ತಮಿಳಿನ ಪೊೞುದು, ತೆಲುಗಿನ ಪೊದ್ದು ಇದರ ಅಕ್ಕತಂಗಿಯರು.

ಸೂರ್ಯನನ್ನು ನೋಡಿ ಕೆಲಸ ಮಾಡುತ್ತಿದ್ದವರಿಗೆ ‘ಹೊತ್ತಾಯ್ತು’ ಅಂದರೆ ಸೂರ್ಯ ಒಂದು ಜಾಗಕ್ಕೆ ಬಂದ ಅಂತ. ಅದು ಶುರು ಮಾಡೋ ಜಾಗವೋ, ಮುಗಿಸಬೇಕಾದ ಜಾಗವೋ ಅಂತ ಕೇಳುವವರಿಗೆ ಗೊತ್ತಿರುತ್ತಿತ್ತು. ಇಬ್ಬರೂ ಒಂದೇ ಆಕಾಶದ ಕೆಳಗೆ ನಿಂತಿರುತ್ತಿದ್ದರು. ಪುಸ್ತಕದ ಪುಟಕ್ಕೆ ಬಂದಾಗ ಆ ಆಕಾಶ ಇಲ್ಲ. ಅದಕ್ಕೇ ನಿಮ್ಮ ಚಿತ್ರಕಾರರು ಅದನ್ನು ತಾವೇ ಬರೆಯಬೇಕಾಯ್ತು.

ಕೊಳ್ಳಿದೀಪ
‘ಬೆಂಕಿ ಹೊತ್ತಿತು’ ಅನ್ನೋದರಲ್ಲಿ ಇರೋದೂ ಇದೇ ಹೊತ್ತು ಅಲ್ವಾ? ಉರಿಯೋದು, ಅದರಿಂದ ಸೂರ್ಯ, ಅದರಿಂದ ಸಮಯ.

ಹಳೆಯ ಹೊತ್ತಗೆ
ಕೇಳೋಕೆ ಚೆನ್ನಾಗಿದೆ, ಆದರೆ ಅಲ್ಲ. ಉರಿಯುವ ಹೊತ್ತು ಹಳಗನ್ನಡದಲ್ಲೂ ಪೊತ್ತು, ಅದರಲ್ಲಿ ೞ ಇಲ್ಲ. ಸಮಯದ ಹೊತ್ತು ಪೊೞ್ತು. ೞ ಬಿದ್ದುಹೋದ ಮೇಲೆ ಎರಡೂ ಒಂದೇ ಥರ ಕಾಣುತ್ತಿವೆ. ‘ಮೂಟೆ ಹೊತ್ತು ಬಂದ’ ಅನ್ನೋದು ಇನ್ನೂ ಬೇರೆ, ಅದು ಹೊರು ಧಾತುವಿನಿಂದ ಬಂದದ್ದು.

ಕೊಳ್ಳಿದೀಪ
ಸರಿ, ಗೊತ್ತಾಯ್ತು. ಇಷ್ಟು ವರ್ಷ ಮಕ್ಕಳಿಗೆ ತಪ್ಪು ಹೇಳಿಕೊಡುತ್ತಿದ್ದೆ. ನಾಳೆಯೇ ತಿದ್ದುತ್ತೇನೆ.

ಎರಡು ನಾಲಗೆ
ನಮ್ಮ ಮನೆಮಾತು ತೆಲುಗು. ನಮ್ಮಲ್ಲಿ ‘ಪೊದ್ದುಪೋಯಿಂದಿ’ ಅಂದರೆ ಹೊತ್ತು ಮೀರಿತು, ಕತ್ತಲಾಯ್ತು ಅಂತ. ಪದಕ್ಕೆ ಪದ ಇಟ್ಟು ಕನ್ನಡ ಮಾಡಿದರೆ ‘ಹೊತ್ತು ಹೋಯ್ತು’ ಆಗುತ್ತದೆ. ಆದರೆ ಕನ್ನಡದಲ್ಲಿ ‘ಹೊತ್ತು ಹೋಯ್ತು’ ಅಂದರೆ ಸಮಯ ಕಳೆಯಿತು ಅಷ್ಟೇ, ಬೇಜಾರಾಗಲಿಲ್ಲ ಅಂತ. ಚಿಕ್ಕವಳಿದ್ದಾಗ ಪಕ್ಕದ ಮನೆಯವರ ಹತ್ತಿರ ‘ಹೊತ್ತು ಹೋಯ್ತು, ಮನೆಗೆ ಹೋಗ್ತೀನಿ’ ಅಂದಿದ್ದೆ. ಅವರು ಖುಷಿಯಿಂದ ‘ಹೋಯ್ತಲ್ವಾ, ನಾಳೆನೂ ಬಾ’ ಅಂದರು.

ಕರಾವಳಿ ಗಾಳಿ
ತುಳುವಿನಲ್ಲಿ ಪೊರ್ತು. ಅಲ್ಲೂ ಸೂರ್ಯ ಮುಳುಗಿದರೆ ‘ಪೊರ್ತು ಕಂತ್‌ಂಡ್’ ಅಂತಾರೆ. ಒಂದೇ ಕುಟುಂಬ ಮಾರಾಯ್ರೇ.

ಪ್ಯಾಟಿ ಬಸವ
ನಮ್ಮ ಧಾರವಾಡದ ಕಡೆ ‘ಹೊತ್ತು ಹೊಂಡೂದ್ರಾಗ ಏಳು’ ಅಂತಾರೆ, ಸೂರ್ಯ ಹುಟ್ಟೋದರೊಳಗೆ ಏಳು ಅಂತ. ಸಂಜೆ ‘ಹೊತ್ತು ಮುಳಗಿತು’. ತಡ ಆದರೆ ‘ತಡಾ ಆತು’ ಇಲ್ಲಾ ‘ಲೇಟ್ ಆತು’. ಸಮಯಕ್ಕೆ ವ್ಯಾಳ್ಯಾ ಅನ್ನೋದೂ ಇದೆ, ಅದು ವೇಳೆಯೇ. ಬೇಗ ಬಾ ಅನ್ನೋಕೆ ‘ಲಗೂನ ಬಾ’. ನನಗೆ ಈ ಅಜ್ಜಿ ಕಥೆ ಓದಿದ ಕೂಡಲೇ ತಲೆಗೆ ಬಂದದ್ದು ಸಂಜೆಯೇ. ಹೊತ್ತು ಅಂದ ಕೂಡಲೇ ಮುಳುಗೋದೇ ನೆನಪಾಗುತ್ತೆ.

ಸಮಾಧಾನಿ
ನನಗೆ ಇದಕ್ಕಿಂತ ‘ಬೇಗ’ ಅನ್ನೋ ಪದ ಜಾಸ್ತಿ ಕಾಡುತ್ತೆ. ಸಂಸ್ಕೃತದ ವೇಗ ನಮ್ಮಲ್ಲಿ ಬೇಗ ಆಗಿದೆ. ವೇಗದ ಅರ್ಥವೂ ಉಳಿದಿದೆ, ‘ಬೇಗ ನಡಿ’ ಅಂತೀವಿ. ಜೊತೆಗೆ ಮುಂಚೆ ಅನ್ನೋ ಅರ್ಥವೂ ಸೇರಿದೆ, ‘ಬೇಗ ಮಲಗು’ ಅಂದರೆ ಯಾರೂ ವೇಗವಾಗಿ ಮಲಗಲ್ಲ. ಈಗ ಅದಕ್ಕೆ ವಿರುದ್ಧ ಪದ ಯಾವುದು? ಒಂದಕ್ಕೆ ನಿಧಾನ, ಇನ್ನೊಂದಕ್ಕೆ ತಡ. ಒಂದು ಪದಕ್ಕೆ ಎರಡು ವಿರುದ್ಧ ಪದ.

ಇಲ್ಲೇ ಜಗಳ ಶುರುವಾಗೋದು. ಗೆಳತಿಯೊಬ್ಬಳಿಗೆ ‘ನಿಧಾನವಾಗಿ ಬಾ, ಅವಸರ ಇಲ್ಲ’ ಅಂತ ಸಂದೇಶ ಕಳಿಸಿದೆ. ಮಳೆ ಬರುತ್ತಿತ್ತು, ಗಾಡಿ ಮೆಲ್ಲಗೆ ಓಡಿಸು ಅಂತ ನನ್ನ ಅರ್ಥ. ಅವಳು ಒಂದು ಗಂಟೆ ತಡವಾಗಿ ಮನೆಯಿಂದಲೇ ಹೊರಟಿದ್ದಳು. ನಾನು ಬಾಗಿಲಲ್ಲಿ ನಿಂತು ಏನೇನೋ ಯೋಚನೆ ಮಾಡಿ ಅಳೋದೊಂದು ಬಾಕಿ. ಅವಳು ಬಂದು ‘ನೀನೇ ತಾನೇ ನಿಧಾನ ಬಾ ಅಂದಿದ್ದು’ ಅಂದಳು. ಅವಳ ತಪ್ಪಿಲ್ಲ. ಅಂದಿನಿಂದ ನಾನು ‘ಹುಷಾರಾಗಿ ಬಾ’ ಅಂತಲೇ ಬರೆಯೋದು.

ಹಳೆಯ ಹೊತ್ತಗೆ
ನಿಧಾನದ ಕಥೆಯೂ ದೊಡ್ಡದು. ಸಂಸ್ಕೃತದಲ್ಲಿ ಅದು ಇಡುವುದು, ಇಟ್ಟದ್ದು, ನಿಧಿ. ಅಕ್ಕಮಹಾದೇವಿಯ ವಚನದಲ್ಲಿ ‘ನೆಲದ ಮರೆಯ ನಿಧಾನದಂತೆ’ ಅಂತ ಬರುತ್ತದೆ. ಅಲ್ಲಿ ನಿಧಾನ ಅಂದರೆ ಹೂತಿಟ್ಟ ನಿಧಿ. ಮೆಲ್ಲಗೆ ಅನ್ನೋ ಅರ್ಥ ಇಟ್ಟುಕೊಂಡು ಆ ಸಾಲು ಓದಿದರೆ ಏನೂ ಸಿಗಲ್ಲ.

ಸಮಾಧಾನಿ
ಅಯ್ಯೋ, ನಾನು ಹಾಗೇ ಓದಿಕೊಂಡಿದ್ದೆ! ಇವತ್ತು ಆ ವಚನ ಬೇರೆಯೇ ಕಾಣಿಸುತ್ತಿದೆ.

ತಂಬೂರಿ
ಸಂಗೀತ ಕಲಿಸುವವಳಾಗಿ ‘ವಿಳಂಬ’ದ ಪರ ಒಂದು ಮಾತು. ಎಲ್ಲರೂ ಅದನ್ನು ಕಚೇರಿ ಪತ್ರದ ಒಣ ಪದ ಅಂದುಕೊಂಡಿದ್ದಾರೆ. ನಮ್ಮಲ್ಲಿ ವಿಳಂಬ ಕಾಲ ಅಂದರೆ ನಿಧಾನದ ನಡೆ. ಹಿಂದೂಸ್ತಾನಿಯಲ್ಲಿ ವಿಲಂಬಿತ್. ಸ್ವರ ಪೂರ್ತಿ ಅರಳೋಕೆ ಜಾಗ ಸಿಗೋದೇ ಅಲ್ಲಿ. ಅದರಲ್ಲಿ ತಡ ಅನ್ನೋ ದೂರು ಇಲ್ಲವೇ ಇಲ್ಲ.

ತಾಳ ಶುರುವಾದ ಮೇಲೆ ಸ್ವಲ್ಪ ಬಿಟ್ಟು ಹಾಡು ಎತ್ತಿಕೊಳ್ಳೋದೂ ಇದೆ, ಅದಕ್ಕೆ ಅನಾಗತ ಎಡುಪು ಅಂತಾರೆ. ಹೊಸ ಮಕ್ಕಳು ಇದನ್ನು ‘ಲೇಟಾಗಿ ಶುರು ಮಾಡೋದು’ ಅಂತ ಬರೆದುಕೊಳ್ಳುತ್ತಾರೆ. ನಾನು ಹೊಡೆದು ಹಾಕಿಸುತ್ತೇನೆ. ಅದು ಲೇಟಲ್ಲ, ಅದರ ಜಾಗವೇ ಅದು. ಕೈ ಮೊದಲ ಪೆಟ್ಟು ಹಾಕುತ್ತದೆ, ಬಾಯಿ ಮುಚ್ಚಿರುತ್ತದೆ, ಅರ್ಧ ಅಕ್ಷರ, ಅಂದರೆ ತಾಳದ ಅರ್ಧ ಎಣಿಕೆ, ಕಾಯಬೇಕು, ಆಗ ಬಿಡಬೇಕು. ಆ ಕಾಯೋದನ್ನು ಕಲಿಯೋಕೆ ಮಕ್ಕಳಿಗೆ ತಿಂಗಳುಗಟ್ಟಲೆ ಬೇಕು.

ಕರಾವಳಿ ಗಾಳಿ
ವಿಳಂಬಿ ಅಂತ ಒಂದು ಸಂವತ್ಸರದ ಹೆಸರೂ ಇದೆ. 2018ರ ಯುಗಾದಿಯಿಂದ ಶುರುವಾಗಿದ್ದು ಅದೇ.

ಕರಿಕೋಟು
ನ್ಯಾಯಾಲಯದಲ್ಲಿ ಕೆಲಸ ಮಾಡುವವನು ನಾನು. ನಮಗೆ ವಿಳಂಬ ಅಂದರೆ ಎಣಿಸುವ ವಸ್ತು. 1963ರ ಕಾಲಮಿತಿ ಕಾಯ್ದೆಯ 5ನೇ ಸೆಕ್ಷನ್ ಕೆಳಗೆ, ಮೇಲ್ಮನವಿ ಹಾಕೋದು ತಡ ಆಗಿದ್ದರೆ ವಿಳಂಬ ಮನ್ನಿಸಿ ಅಂತ ಅರ್ಜಿ ಕೊಡಬೇಕು. ಎಷ್ಟು ದಿನ ಅಂತ ಲೆಕ್ಕ ಹಾಕಿ, ಸಾಕಷ್ಟು ಕಾರಣ ತೋರಿಸಬೇಕು. ಪ್ರತಿ ದಿನದ ವಿಳಂಬಕ್ಕೂ ವಿವರಣೆ ಬೇಕು ಅನ್ನೋ ಮಾತನ್ನು ಅತಿಯಾಗಿ ಎಳೆಯಬೇಡಿ ಅಂತ 1987ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೂ ಕಾರಣ ಅಂತೂ ಬೇಕೇ ಬೇಕು.

ಆ ಅರ್ಜಿಯಲ್ಲಿ ‘ಹೊತ್ತಾಯ್ತು’ ಅಂತ ಬರೆಯೋಕೆ ಆಗಲ್ಲ. ಅಲ್ಲಿ ವಿಳಂಬವೇ ಸರಿ, ಯಾಕಂದರೆ ಅದಕ್ಕೆ ಎರಡು ಅರ್ಥ ಇಲ್ಲ.

ತಂಬೂರಿ
ನಿಮ್ಮಲ್ಲಿ ಇಲ್ಲ. ನಮ್ಮಲ್ಲಿ ಇದೆ ಅಂತ ಈಗ ತಾನೇ ಹೇಳಿದೆ!

ಕರಿಕೋಟು
ಒಪ್ಪಿದೆ ಮೇಡಂ. ನಮ್ಮ ಕಟ್ಟಡದೊಳಗೆ ಇಲ್ಲ ಅಂತ ತಿದ್ದಿಕೊಳ್ಳುತ್ತೇನೆ.

ಗಡಿಯಾರದ ಮುಳ್ಳು
ಎಲ್ಲರೂ ಮೂಲ ಪದ ಮರೆತಿದ್ದೀರಿ. ‘ತಡ’ ಎಲ್ಲಿಂದ ಬಂತು?

ವಿಭಕ್ತಿ ಮೇಷ್ಟ್ರು
ಮೇಲೆ ನಾನು ‘ಸ್ವಲ್ಪ ತಡೀರಿ’ ಅಂದೆನಲ್ಲ, ಅದರ ಪಕ್ಕದಲ್ಲೇ ಇದೆ. ತಡೆ ಅಂದರೆ ಅಡ್ಡ ನಿಲ್ಲಿಸು. ‘ತಡಿ, ಬಂದೆ’ ಅಂದರೆ ನಿಲ್ಲು, ಕಾಯಿ. ತಡ ಅಂದರೆ ಹಾಗೆ ನಿಂತುಹೋದ ಸಮಯ. ಕರಿಕೋಟಿನವರ ಕಡೆಯ ತಡೆಯಾಜ್ಞೆಯೂ ಇದೇ ಮನೆಯದ್ದು. ನನಗೆ ಈ ಪದ ತುಂಬಾ ಇಷ್ಟ. ಹೊತ್ತಾಯ್ತು ಅಂದಾಗ ಸೂರ್ಯ ಮುಂದೆ ಹೋದ. ತಡ ಆಯ್ತು ಅಂದಾಗ ನಾವು ಎಲ್ಲೋ ನಿಂತೆವು. ಒಂದರಲ್ಲಿ ಕಣ್ಣು ಆಕಾಶದ ಕಡೆ, ಇನ್ನೊಂದರಲ್ಲಿ ಕಾಲಿನ ಕಡೆ.

ಗಡಿಯಾರದ ಮುಳ್ಳು
ಚೆನ್ನಾಗಿದೆ. ಆದರೆ ಬಾಯಲ್ಲಿ ಬರೋದು ‘ಲೇಟು’ ಒಂದೇ. ಕೊನೆಗೆ ಉ ಹಚ್ಚಿ ನಮ್ಮದು ಮಾಡಿಕೊಂಡಾಗಿದೆ. ಲೇಟಾಯ್ತು, ಲೇಟಾಗಿ, ಲೇಟು ಮಾಡಬೇಡ. ಇದೂ ಕನ್ನಡವೇ. ಇದನ್ನು ಹೊರಗಿಡೋದು ಸರಿ ಅಲ್ಲ.

ಪ್ಯಾಟಿ ಬಸವ
ಯಾರೂ ಹೊರಗಿಡುತ್ತಿಲ್ಲ ಅಣ್ಣಾ. ಆದರೆ ಲೇಟು ಒಂದೇ ಉಳಿದು ಉಳಿದವೆಲ್ಲ ಹೋದರೆ ನಷ್ಟ ನಮ್ಮದೇ. ‘ಹೊತ್ತೇರಿದ ಮ್ಯಾಲೆ ಎದ್ದ’ ಅನ್ನೋದನ್ನು ಲೇಟು ಹಾಕಿ ಹೇಳಿ ನೋಡೋಣ. ‘ಲೇಟಾಗಿ ಎದ್ದ’ ಅಂದರೆ ಸುದ್ದಿ ತಲುಪುತ್ತೆ. ಮುಖದ ಮೇಲೆ ಬಿಸಿಲು ಬಿದ್ದದ್ದು ಕಾಣಲ್ಲ.

ಕರಿಕೋಟು
ಲೇಟ್‌ನ ಇನ್ನೊಂದು ಮುಖ ನಮ್ಮ ಕಾಗದಪತ್ರಗಳಲ್ಲಿದೆ. ಜಮೀನಿನ ದಾಖಲೆಗಳಲ್ಲಿ ‘ಬಿನ್ ಲೇಟ್’ ಅಂತ ಬರುತ್ತದೆ. ಬಿನ್ ಅಂದರೆ ಮಗ, ಲೇಟ್ ಅಂದರೆ ತಂದೆ ತೀರಿಕೊಂಡಿದ್ದಾರೆ ಅಂತ. ಒಬ್ಬ ಹುಡುಗಿ ತಾತನ ಹೆಸರಿನ ಮುಂದೆ ಇದನ್ನು ಓದಿ ‘ತಾತ ಎಲ್ಲಿಗೆ ಲೇಟ್ ಆಗಿದ್ರು?’ ಅಂತ ಅಪ್ಪನನ್ನು ಕೇಳಿದಳು. ಅಪ್ಪ ಏನೂ ಹೇಳದೆ ಕಾಗದ ಮಡಚಿದರು. ಆವತ್ತಿನಿಂದ ನಾನು ಕರಡು ಬರೆಯುವಾಗ ‘ದಿವಂಗತ’ ಅಂತಲೇ ಹಾಕಿಸೋದು.

ಬೆಳ್ಳಿಚುಕ್ಕಿ
ಓದಿ ಮನಸ್ಸು ಭಾರ ಆಯ್ತು.

ನೇರನುಡಿ
ನನ್ನದೊಂದು ತಕರಾರು. ನಾವು ಯಾವತ್ತೂ ‘ತಡ ಆಯ್ತು’ ಅಂತೀವಿ, ‘ತಡ ಮಾಡಿದೆ’ ಅನ್ನಲ್ಲ. ತಾನೇ ಆಗಿಬಿಟ್ಟ ಹಾಗೆ. ಮಾಡಿದವರು ಯಾರು ಅಂತ ವಾಕ್ಯದಲ್ಲಿ ಇರೋದೇ ಇಲ್ಲ. ಇದು ತಪ್ಪಿಸಿಕೊಳ್ಳೋ ಭಾಷೆ.

ಕಟ್ಟೆಮಾತು
ಭಾಷೆ ಮೇಲೆ ಯಾಕೆ ಹಾಕುತ್ತೀರಿ? ಎರಡೂ ಇವೆಯಲ್ಲ. ‘ತಡ ಮಾಡಬೇಡ’ ಅಂತ ಬೇರೆಯವರಿಗೆ ಹೇಳುವಾಗ ಮಾಡುವವರು ಸಿಗುತ್ತಾರೆ. ನಮ್ಮ ಸರದಿ ಬಂದಾಗ ‘ಆಯ್ತು’ ಆರಿಸಿಕೊಳ್ಳೋದು ನಾವು.

ಸಮಾಧಾನಿ
ಎಲ್ಲಾ ತಡಕ್ಕೂ ಮಾಡಿದವರು ಇರಲ್ಲ ನೇರನುಡಿಯವರೇ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದವಳು ಕೆಲಸಕ್ಕೆ ‘ತಡ ಆಯ್ತು’ ಅಂದರೆ ಅದು ನಿಜವಾಗಿಯೂ ಆಯ್ತು.

ನೇರನುಡಿ
ಅದು ಸರಿ. ನಾನು ಹೇಳಿದ್ದು ದಿನಾ ತಡವಾಗಿ ಬರೋರ ಬಗ್ಗೆ. ಆ ಮಾತಿಗೆ ಈಗಲೂ ಅಂಟಿಕೊಂಡಿದ್ದೇನೆ.

ಎರಡು ನಾಲಗೆ
ಅಜ್ಜಿ ವಿಷಯಕ್ಕೆ ವಾಪಸ್ ಬರೋಣ. ನನಗೆ ಅನ್ನಿಸೋದು, ತೊಂದರೆ ‘ಹೊತ್ತಾಯ್ತು’ನಲ್ಲಿ ಇಲ್ಲ. ‘ಕಣೋ’ದಲ್ಲಿ ಇದೆ. ‘ಹೊತ್ತಾಯ್ತು ಕಣೋ’ ಅಂದರೆ ಗದರಿದ ಹಾಗೆ ಕೇಳುತ್ತೆ. ‘ಹೊತ್ತಾಯ್ತು ಮಗಾ’ ಅಂದು ನೋಡಿ.

ವಿಭಕ್ತಿ ಮೇಷ್ಟ್ರು
ಇಷ್ಟು ಹೊತ್ತು ನಾವು ‘ಹೊತ್ತಾಯ್ತು’ಗೆ ಮೊದಲು ಬರುವ ಪದ ಹುಡುಕುತ್ತಿದ್ದೆವು. ಇವರು ಆಮೇಲೆ ಬರುವ ಪದ ಹಿಡಿದರು!

ಹಳೆಯ ಹೊತ್ತಗೆ
ದಯವಿಟ್ಟು ‘ಹೊರಡೋ ಸಮಯವಾಯಿತು’ ಅಂತ ಮಾತ್ರ ಬದಲಾಯಿಸಬೇಡಿ. ಅರ್ಥ ಖಚಿತ ಆಗುತ್ತೆ, ಅಜ್ಜಿ ಹೋಗಿಬಿಡುತ್ತಾಳೆ. ಹೊತ್ತಾಯ್ತು ಅನ್ನೋದರಲ್ಲಿ ಅವಳಿಗೆ ಬಸ್ಸಿನ ಚಿಂತೆಯೂ ಇದೆ, ಇವನು ಇನ್ನೊಂದು ಗಳಿಗೆ ಇರಬಾರದಾ ಅನ್ನೋದೂ ಇದೆ.

ತಿದ್ದುಗಾರ್ತಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಈ ಮಾತುಕತೆ ಪೂರ್ತಿ ಕಥೆಗಾರರಿಗೂ ಚಿತ್ರಕಾರರಿಗೂ ಓದಿ ಹೇಳಿದೆ. ಪಕ್ಕದ ಮನೆಯ ಏಳು ವರ್ಷದ ಹುಡುಗಿಗೆ ಎರಡೂ ಸಾಲು ಜೋರಾಗಿ ಓದಿದೆ. ‘ಹೊತ್ತಾಯ್ತು ಕಣೋ’ ಅಂದಾಗ ‘ಅಜ್ಜಿಗೆ ಕೋಪ’ ಅಂದಳು. ‘ಹೊತ್ತಾಯ್ತು ಮಗಾ’ ಅಂದಾಗ ಸ್ವಲ್ಪ ಸುಮ್ಮನಿದ್ದು ‘ಅವನು ಎಲ್ಲಿಗೆ ಹೋಗ್ತಾನೆ?’ ಅಂತ ಕೇಳಿದಳು. ನಮಗೆ ಅಷ್ಟೇ ಸಾಕಿತ್ತು.

ಸಾಲು ‘ಹೊತ್ತಾಯ್ತು ಮಗಾ’ ಅಂತ ಆಗಿದೆ. ಚಿತ್ರವನ್ನು ಹೊಸದಾಗಿ ಬರೆಯೋದು ಬೇಕಾಗಲಿಲ್ಲ. ಕೆಂಪು ಆಕಾಶ ಹಾಗೇ ಇದೆ, ಈಗ ಅದು ಬೆಳಗಿನ ಕೆಂಪು. ಅಜ್ಜಿಯ ಹುಬ್ಬಿನ ಗಂಟು ಅಳಿಸಿ, ಅವಳ ಒಂದು ಕೈಯನ್ನು ಬಾಗಿಲ ಚೌಕಟ್ಟಿನ ಮೇಲೆ ಇಟ್ಟಿದ್ದಾರೆ. ಹುಡುಗನ ಬೆನ್ನಿಗೆ ಚೀಲ ಬಂದಿದೆ. ತಗ್ಗಿಸಿದ ತಲೆ ಹಾಗೇ ಇದೆ.

ಬೆಳ್ಳಿಚುಕ್ಕಿ
ಕೈಯಲ್ಲಿದ್ದ ಚಪ್ಪಲಿ?

ತಿದ್ದುಗಾರ್ತಿ
ಕಾಲಿಗೆ ಹಾಕಿಸಿದ್ದಾರೆ.